ವಿಗ್ ಆರಿಸುವಾಗ ಕೂದಲು ಸ್ವಲ್ಪ ಕಮ್ಮಿಯೇ ಇರಲಿ

ವಿಗ್ ಹಾಕಿದವರು ದೂರದಿಂದಲೇ ಗೊತ್ತಾಗಿಬಿಡುತ್ತಾರೆ ಅಂತ ಎಷ್ಟೋ ಜನ ಹೇಳುತ್ತಾರೆ. ಅವರಿಗೆ ಗೊತ್ತಾಗಿರುವುದು ಸರಿಯಾಗಿ ಕೂರದ ವಿಗ್ ಮಾತ್ರ. ಸರಿಯಾಗಿ ಕೂತದ್ದು ಕಣ್ಣೆದುರೇ ಓಡಾಡಿದರೂ ಯಾರೂ ತಿರುಗಿ ನೋಡುವುದಿಲ್ಲ. ಹಾಗಾದರೆ ಗುಟ್ಟು ರಟ್ಟಾಗುವುದು ಎಲ್ಲಿ? ಅಗ್ಗದ ಮಾಲಿನಿಂದ ಅಂದುಕೊಳ್ಳುತ್ತೇವೆ. ಹೆಚ್ಚಿನ ಸಲ ಕಾರಣ ಅದಲ್ಲ. ಕೂದಲು ವಿಪರೀತ ದಟ್ಟವಾಗಿರುತ್ತದೆ, ಹಣೆಯ ಮೇಲೆ ತೀರಾ ಕೆಳಕ್ಕೆ ಇಳಿದಿರುತ್ತದೆ. ವರ್ಷಗಟ್ಟಲೆ ಕೂದಲಿಗಾಗಿ ಆಸೆಪಟ್ಟವರು ಜಾಸ್ತಿ ಇರುವುದಕ್ಕೇ ಕೈ ಹಾಕುವುದು ಸಹಜ. ಆ ಆಸೆಯನ್ನು ಸ್ವಲ್ಪ ತಡೆದುಕೊಂಡರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ಇಲ್ಲಿದೆ.

ಹಂತ 1: ಕೂದಲು ಉದುರುತ್ತಿರುವುದು ಯಾಕೆ?

ಇದು ಡಾಕ್ಟರ ಕೆಲಸ, ವಿಗ್‌ಗೂ ಇದಕ್ಕೂ ಏನು ಸಂಬಂಧ ಅನ್ನಬೇಡಿ. ಯಾವ ಬಗೆಯದು ಬೇಕು, ಅದಕ್ಕೆಷ್ಟು ಖರ್ಚು ಮಾಡಬೇಕು ಎನ್ನುವುದೆಲ್ಲ ಇದರ ಮೇಲೆಯೇ ನಿಂತಿದೆ.

ದಿನಕ್ಕೆ 50ರಿಂದ 100 ಕೂದಲು ಉದುರುವುದು ಮಾಮೂಲು. ದೊಡ್ಡ ಜ್ವರ, ಹೆರಿಗೆ, ಆಪರೇಷನ್ ಆದ ಎರಡು ಮೂರು ತಿಂಗಳಿಗೆ ಹಿಡಿ ಹಿಡಿ ಕೂದಲು ಕೈಗೆ ಬರಲು ಶುರುವಾದರೆ ಗಾಬರಿ ಬೇಡ. ಅದು ಸಾಮಾನ್ಯವಾಗಿ ತಾನಾಗಿ ನಿಲ್ಲುತ್ತದೆ, ಕೂದಲೂ ವಾಪಸ್ ಬರುತ್ತದೆ. ಕೆಲವು ತಿಂಗಳಿಗೋಸ್ಕರ ಅಳತೆ ಕೊಟ್ಟು ದುಬಾರಿ ವಿಗ್ ಮಾಡಿಸುವುದು ದಂಡ. ಕಬ್ಬಿಣದ ಅಂಶ ಕಮ್ಮಿಯಾದರೂ, ಥೈರಾಯ್ಡ್ ಏರುಪೇರಾದರೂ ಕೂದಲು ಉದುರುತ್ತದೆ. ಅದಕ್ಕೆ ಔಷಧಿ ಇದೆ, ಮೊದಲು ರಕ್ತ ಪರೀಕ್ಷೆ ಮಾಡಿಸಿ.

ವಂಶದಿಂದ ಬರುವ ಬೋಳು ಬೇರೆ. ಗಂಡಸರಿಗೆ ಅದು ಹಣೆಯ ಎರಡು ಮೂಲೆಗಳಿಂದ ಅಥವಾ ನೆತ್ತಿಯ ಸುಳಿಯಿಂದ ಶುರುವಾಗುತ್ತದೆ. ಹೆಂಗಸರಿಗೆ ಬೈತಲೆ ಅಗಲವಾಗುತ್ತಾ ಹೋಗುತ್ತದೆ. ಇದು ಇವತ್ತು ಇದ್ದಷ್ಟಕ್ಕೇ ನಿಲ್ಲುವುದಿಲ್ಲ, ಆದ್ದರಿಂದ ಇವತ್ತಿನ ಅಳತೆ ಎರಡು ವರ್ಷದ ನಂತರ ಸಾಲದೆ ಹೋಗಬಹುದು. ಇನ್ನು ಅಲೊಪೇಶಿಯಾ ಏರಿಯೇಟಾ ಎನ್ನುವುದಿದೆ. ದೇಹದ ರೋಗನಿರೋಧಕ ಶಕ್ತಿಯೇ ಕೂದಲಿನ ಬುಡದ ಮೇಲೆ ತಿರುಗಿಬಿದ್ದು, ನಾಣ್ಯದಗಲ ಜಾಗ ನುಣ್ಣಗಾಗುತ್ತದೆ. ಅಲ್ಲಿ ಕೂದಲು ಮತ್ತೆ ಬರಬಹುದು, ಮತ್ತೆ ಹೋಗಲೂಬಹುದು. ಅಂಥವರಿಗೆ ಅಂಟಿಸಿ ಬಿಡುವುದಕ್ಕಿಂತ ದಿನಾ ತೆಗೆದು ಹಾಕುವಂಥದ್ದೇ ಅನುಕೂಲ.

ತಲೆಯ ಚರ್ಮದಲ್ಲಿ ನೋವು, ಕೀವು, ಕೆಂಪು, ದಪ್ಪ ಹೊಟ್ಟಿನ ಪದರ ಇದ್ದರೆ ಅದರ ಮೇಲೆ ಏನನ್ನೂ ಮುಚ್ಚಬೇಡಿ. ಚರ್ಮದ ಡಾಕ್ಟರಿಗೆ ತೋರಿಸಿ. ಕೆಲವು ಕಾಯಿಲೆಗಳು ಕೂದಲಿನ ಬುಡವನ್ನೇ ಸುಟ್ಟು ಕಲೆ ಉಳಿಸುತ್ತವೆ. ಕಲೆಯಾದ ಜಾಗದಲ್ಲಿ ಮತ್ತೆ ಕೂದಲು ಹುಟ್ಟುವುದಿಲ್ಲ. ವಿಗ್ ಒಳಗೆ ಅದನ್ನು ಬಚ್ಚಿಟ್ಟುಕೊಂಡರೆ ನಷ್ಟ ನಿಮಗೇ.

ಕೀಮೋಥೆರಪಿ ಶುರುವಾಗುವುದಿದ್ದರೆ

ಕ್ಯಾನ್ಸರ್‌ಗೆ ಕೀಮೋ ತೆಗೆದುಕೊಳ್ಳುವವರ ವಿಷಯ ಪ್ರತ್ಯೇಕ. ಎಲ್ಲ ಕೀಮೋ ಔಷಧಿಗಳಿಂದಲೂ ಕೂದಲು ಹೋಗುವುದಿಲ್ಲ, ಮೊದಲು ಡಾಕ್ಟರನ್ನು ಕೇಳಿ. ಹೋಗುವುದಾದರೆ ಮೊದಲ ಡೋಸ್ ಆದ ಎರಡು ಮೂರು ವಾರಕ್ಕೆ ಉದುರಲು ಶುರುವಾಗುತ್ತದೆ. ಆಗ ಅಂಗಡಿ ಅಂಗಡಿ ತಿರುಗುವ ತ್ರಾಣ ಇರುವುದಿಲ್ಲ. ಅದಕ್ಕೇ ಚಿಕಿತ್ಸೆಗೆ ಮುಂಚೆಯೇ ವಿಗ್ ನೋಡಿಟ್ಟುಕೊಳ್ಳಿ. ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಫೋಟೋ ತೆಗೆಸಿಕೊಳ್ಳಿ. ಬಣ್ಣ ಹೊಂದಿಸಲು ಒಂದು ಸಣ್ಣ ಕುಚ್ಚು ಕತ್ತರಿಸಿ ಇಟ್ಟುಕೊಳ್ಳಿ. ಕೂದಲು ಪೂರ್ತಿ ಹೋದ ಮೇಲೆ ತಲೆಯ ಸುತ್ತಳತೆ ಸ್ವಲ್ಪ ಕಮ್ಮಿಯಾಗುತ್ತದೆ, ಹಾಗಾಗಿ ಹಿಂದೆ ಬಿಗಿ ಮಾಡುವ ಪಟ್ಟಿ ಇರುವುದನ್ನೇ ಕೊಳ್ಳಿ. ಬೋಳಾದ ಚರ್ಮ ತುಂಬ ಸೂಕ್ಷ್ಮ, ಒಳಗೆ ಮೆತ್ತನೆಯ ಹತ್ತಿ ಟೋಪಿ ಬೇಕೇ ಬೇಕು. ಅಂಟು, ಟೇಪು ಈ ಕಾಲದಲ್ಲಿ ಬೇಡ. ಚಿಕಿತ್ಸೆ ಮುಗಿದ ಕೆಲವು ತಿಂಗಳಿಗೆ ಕೂದಲು ಮತ್ತೆ ಚಿಗುರುವುದರಿಂದ ಚೆನ್ನಾಗಿರುವ ಒಂದು ಸಿಂಥೆಟಿಕ್ ವಿಗ್ ಧಾರಾಳ ಸಾಕು.

ಹಂತ 2: ಎಷ್ಟು ಜಾಗ ಮುಚ್ಚಬೇಕು?

ಇಡೀ ತಲೆ ಬೋಳಾಗಿದ್ದರೆ ಫುಲ್ ವಿಗ್. ನೆತ್ತಿ, ಬೈತಲೆ ಮಾತ್ರ ತೆಳುವಾಗಿದ್ದರೆ ಟಾಪರ್, ಅಂದರೆ ಇರುವ ಕೂದಲಿಗೇ ಕ್ಲಿಪ್ ಹಾಕಿ ಕೂರಿಸುವ ಸಣ್ಣ ವಿಗ್. ಗಂಡಸರಿಗೆ ಮುಂದೆ ಅಥವಾ ನೆತ್ತಿಯ ಮೇಲೆ ಕೂರಿಸುವುದನ್ನು ಹೇರ್ ಪ್ಯಾಚ್ ಅನ್ನುತ್ತಾರೆ. ಮುಚ್ಚುವುದು ಕಮ್ಮಿಯಾದಷ್ಟೂ ಸೆಕೆ ಕಮ್ಮಿ, ತಲೆನೋವೂ ಕಮ್ಮಿ.

ಟಾಪರ್ ಕೊಳ್ಳುವಾಗ ಒಂದು ಮಾತು. ತೆಳುವಾದ ಜಾಗದಷ್ಟೇ ದೊಡ್ಡದು ಕೊಂಡರೆ ಅದರ ಕ್ಲಿಪ್‌ಗಳು ಸರಿಯಾಗಿ ಆ ತೆಳು ಕೂದಲಿನ ಮೇಲೇ ಬಂದು ಕೂರುತ್ತವೆ. ಮೊದಲೇ ಸೊರಗಿದ ಕೂದಲನ್ನು ದಿನವಿಡೀ ಕ್ಲಿಪ್ ಎಳೆಯುತ್ತಿದ್ದರೆ ಇದ್ದದ್ದೂ ಹೋಗುತ್ತದೆ. ಸುತ್ತಲೂ ಅರ್ಧದಿಂದ ಒಂದು ಇಂಚು ದೊಡ್ಡದಿರಲಿ, ಕ್ಲಿಪ್ ಗಟ್ಟಿ ಕೂದಲನ್ನು ಹಿಡಿಯಲಿ.

ಹಂತ 3: ಮಗುಚಿ ನೋಡಿ

ಕೊಳ್ಳುವವರು ಸಾಮಾನ್ಯವಾಗಿ ಮೇಲಿನ ಕೂದಲನ್ನು ಸವರಿ ನೋಡಿ ಸುಮ್ಮನಾಗುತ್ತಾರೆ. ನೀವು ಅದನ್ನು ಮಗುಚಿ ಒಳಗಿನ ಬೇಸ್ ನೋಡಿ. ತಲೆಗೆ ತಾಗುವುದು ಅದೇ, ಹಣೆಯ ಹತ್ತಿರ ಗುಟ್ಟು ಬಿಟ್ಟುಕೊಡುವುದೂ ಅದೇ.

ಲೇಸ್ ಬೇಸ್ ಸೊಳ್ಳೆ ಪರದೆಯ ಹಾಗೆ ಸಣ್ಣ ಸಣ್ಣ ಕಣ್ಣಿನ ಬಲೆ. ಒಂದೊಂದು ಕೂದಲನ್ನೂ ಕೈಯಿಂದ ಅದಕ್ಕೆ ಗಂಟು ಹಾಕಿರುತ್ತಾರೆ. ಗಾಳಿ ಆಡುತ್ತದೆ, ಹಣೆಯ ಅಂಚು ಚರ್ಮದಲ್ಲಿ ಕರಗಿದಂತೆ ಕಾಣುತ್ತದೆ. ಬೆಳಕಿಗೆ ಹಿಡಿದರೆ ಗಂಟುಗಳು ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ. ಅಂಚಿನ ಗಂಟುಗಳನ್ನು ಬ್ಲೀಚ್ ಮಾಡಿದ್ದರೆ ಚುಕ್ಕೆ ಕಾಣುವುದಿಲ್ಲ, ಆದರೆ ಬ್ಲೀಚ್ ಆದ ಗಂಟಿನ ಕೂದಲು ಬೇಗ ಉದುರುತ್ತದೆ. ಅದಕ್ಕೇ ಮುಂದಿನ ಅಂಚಿಗೆ ಮಾತ್ರ ಮಾಡಿದ್ದರೆ ಒಳ್ಳೆಯದು. ಲೇಸ್‌ನ ದೌರ್ಬಲ್ಯ ಅಂದರೆ ಅದು ಹರಿಯುತ್ತದೆ.

ಮೋನೊ ಬೇಸ್ ಇನ್ನೂ ಗಟ್ಟಿ ಬಟ್ಟೆ. ಬಾಳಿಕೆ ಜಾಸ್ತಿ, ಕ್ಲಿಪ್ ಹೊಲಿಯಲು ಸರಿ, ಟಾಪರ್‌ಗಳಲ್ಲಿ ಜಾಸ್ತಿ ಕಾಣುವುದು ಇದೇ. ಪಿಯು ಅಥವಾ ಸ್ಕಿನ್ ಬೇಸ್ ಎನ್ನುವುದು ಪಾರದರ್ಶಕ ಪ್ಲಾಸ್ಟಿಕ್ ಪೊರೆ. ಟೇಪು, ಅಂಟು ಚೆನ್ನಾಗಿ ಹಿಡಿಯುತ್ತದೆ, ಒರೆಸಿ ಶುಚಿ ಮಾಡುವುದು ಸುಲಭ. ಬೆವರು ಮಾತ್ರ ಒಳಗೇ ನಿಲ್ಲುತ್ತದೆ. ತೀರಾ ತೆಳುವಾದ ಸ್ಕಿನ್ ಬೇಸ್ ನೋಡಲು ಅದ್ಭುತ, ಆದರೆ ದಿನಾ ಹಾಕಿದರೆ ಒಂದರಿಂದ ಮೂರು ತಿಂಗಳಿಗೆ ಮುಗಿಯಿತು. ಬೆವರುವ ತಲೆಯವರು ಲೇಸ್ ಕಡೆಗೆ ಹೋಗಿ. ದಿನಾ ತೆಗೆದಿಡುವವರು ಮೋನೊ ಕಡೆಗೆ ಹೋಗಿ. ಮುಂದೆ ಲೇಸ್, ನಡುವೆ ಮೋನೊ, ಅಂಚಿಗೆ ಪಿಯು ಇರುವ ಬೆರಕೆ ಬೇಸ್‌ಗಳೂ ಸಿಗುತ್ತವೆ. ನನ್ನ ಪ್ರಕಾರ ಮೊದಲ ಸಲ ಕೊಳ್ಳುವವರಿಗೆ ಇವೇ ಸರಿ.

ಹಂತ 4: ಅಸಲಿ ಕೂದಲೋ, ಸಿಂಥೆಟಿಕ್ಕೋ?

ಅಸಲಿ ಅಂದ ತಕ್ಷಣ ಅದೇ ಮೇಲು ಅಂತ ತೀರ್ಮಾನಿಸಬೇಡಿ. ಸಿಂಥೆಟಿಕ್ ತೊಳೆದು ಒಣಗಿಸಿದರೆ ಮೊದಲಿನ ಆಕಾರಕ್ಕೇ ಬಂದು ನಿಲ್ಲುತ್ತದೆ. ಬೆಳಿಗ್ಗೆ ಎದ್ದು ಸ್ಟೈಲ್ ಮಾಡುವ ತಾಪತ್ರಯ ಇಲ್ಲ. ಅದರ ಶತ್ರು ಶಾಖ. ಓವನ್ ಬಾಗಿಲು ತೆಗೆದಾಗ ನುಗ್ಗುವ ಬಿಸಿಗಾಳಿ, ಪಾತ್ರೆಯ ಮುಚ್ಚಳ ತೆಗೆದಾಗ ಮುಖಕ್ಕೆ ಹೊಡೆಯುವ ಹಬೆ, ಇಷ್ಟು ಸಾಕು, ಮುಂದಿನ ಕೂದಲು ಮುರುಟಿಕೊಳ್ಳುತ್ತದೆ. ಅದನ್ನು ಸರಿಪಡಿಸುವುದು ಕಷ್ಟ. ದಿನಾ ಹಾಕಿದರೆ ನಾಲ್ಕರಿಂದ ಆರು ತಿಂಗಳು ಬಾಳುತ್ತದೆ.

ಅಸಲಿ ಕೂದಲಿಗೆ ಬಣ್ಣ ಹಾಕಬಹುದು, ಡ್ರೈಯರ್ ಬಳಸಬಹುದು. ಫುಲ್ ವಿಗ್ ಆದರೆ ಒಂದು ವರ್ಷ, ಜೋಪಾನ ಮಾಡಿದರೆ ಇನ್ನೂ ಜಾಸ್ತಿ ಬರುತ್ತದೆ. ಆದರೆ ಬಿಸಿಲಿಗೆ ಬಣ್ಣ ಮಾಸುತ್ತದೆ, ಮಳೆಗೆ ಗುಂಗುರಾಗುತ್ತದೆ, ಪ್ರತಿ ಸಲ ತೊಳೆದ ಮೇಲೆ ಬಾಚಿ ಕೂರಿಸಬೇಕು. ರೆಮಿ ಎಂದು ಹೇಳಿ ಮಾರುವ ಕೂದಲಿನಲ್ಲಿ ಎಲ್ಲ ಎಳೆಗಳ ಹೊರಪದರವೂ ಒಂದೇ ದಿಕ್ಕಿಗೆ ಇರಬೇಕು, ಸಿಕ್ಕಾಗದಿರಲು ಅದೇ ಕಾರಣ. ಒಂದು ಎಳೆಯನ್ನು ಬೆರಳ ನಡುವೆ ಹಿಡಿದು ಬುಡದಿಂದ ತುದಿಗೆ ಜಾರಿಸಿ, ಆಮೇಲೆ ತುದಿಯಿಂದ ಬುಡಕ್ಕೆ. ಎರಡನೇ ಸಲ ಸ್ವಲ್ಪ ತರಿತರಿ ಅನ್ನಿಸಬೇಕು. ಎರಡೂ ಕಡೆ ಬೆಣ್ಣೆಯಷ್ಟು ನುಣುಪಾಗಿದ್ದರೆ ಅನುಮಾನ ಪಡಿ. ಹೊರಪದರ ತೆಗೆದು ಸಿಲಿಕೋನ್ ಲೇಪಿಸಿದ್ದಿರಬಹುದು. ಕೆಲವು ಸಲ ತೊಳೆದ ಮೇಲೆ ಲೇಪ ಹೋಗಿ ಸಿಕ್ಕು ಶುರುವಾಗುತ್ತದೆ.

ಅಸಲಿಯೋ ಅಲ್ಲವೋ ಎಂದು ತಿಳಿಯಲು ಉದುರಿದ ಒಂದೇ ಒಂದು ಎಳೆಯನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಅಸಲಿಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಸಿಂಥೆಟಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ.

ನರೆಗೂದಲಿನವರು ಇದನ್ನು ಕೇಳಿಕೊಳ್ಳಿ. ಅಸಲಿ ಕೂದಲಿನ ಪ್ಯಾಚ್‌ನಲ್ಲೂ ಬಿಳಿ ಎಳೆಗಳನ್ನು ಹೆಚ್ಚಾಗಿ ಸಿಂಥೆಟಿಕ್‌ನಿಂದಲೇ ಸೇರಿಸಿರುತ್ತಾರೆ. ಅದಕ್ಕೆ ಡೈ ಹತ್ತುವುದಿಲ್ಲ, ಬಿಸಿ ತಾಗಿದರೆ ಆ ಎಳೆಗಳಷ್ಟೇ ಸುರುಟಿ ಮೇಲೇಳುತ್ತವೆ.

ಹಂತ 5: ದಟ್ಟಣೆ, ಹಣೆಯ ಅಂಚು, ಬಣ್ಣ

ಆರಿಸುವುದರಲ್ಲಿ ಜಾಸ್ತಿ ಸಮಯ ಇಲ್ಲಿಯೇ ಕೊಡಿ.

ವಿಗ್‌ನ ದಟ್ಟಣೆಯನ್ನು ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ. ತಯಾರಕರಿಂದ ತಯಾರಕರಿಗೆ ಸ್ವಲ್ಪ ಆಚೀಚೆ ಆಗುತ್ತದೆ. ಸುಮಾರಾಗಿ 80 ಅಂದರೆ ತೆಳು, 100ರಿಂದ 120 ಮಧ್ಯಮ, 150 ದಟ್ಟ. ನಲವತ್ತು ದಾಟಿದವರ ತಲೆಯ ಮೇಲೆ 150 ಇಟ್ಟರೆ ಅದು ಅವರ ಕೂದಲಾಗಿ ಕಾಣುವುದೇ ಇಲ್ಲ. ನಿಮ್ಮದೇ ವಯಸ್ಸಿನ, ಕೂದಲು ಚೆನ್ನಾಗಿರುವ ನಾಲ್ಕು ಜನರನ್ನು ಗಮನಿಸಿ. ಅವರ ಬೈತಲೆಯಲ್ಲಿ ಚರ್ಮ ಕಾಣುತ್ತದೆ. ಬೆಳಕು ಬಿದ್ದಾಗ ನೆತ್ತಿಯೂ ಸ್ವಲ್ಪ ಇಣುಕುತ್ತದೆ. ನಿಮಗೆ ಬೇಕಾಗಿರುವುದು ಅಷ್ಟೇ. ಮನಸ್ಸು ಕೇಳುವುದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ದಟ್ಟಣೆ ಆರಿಸಿ. ಜಾಸ್ತಿ ಇದ್ದರೆ ತೆಳು ಮಾಡಿಸಬಹುದು, ಹೌದು. ಆದರೆ ಕಮ್ಮಿ ಇರುವುದನ್ನೇ ಕೊಂಡರೆ ಆ ಕೆಲಸವೂ ಇಲ್ಲ, ತಲೆಯ ಮೇಲೆ ಭಾರವೂ ಇಲ್ಲ.

ಹಣೆಯ ಅಂಚಿಗೆ ಬನ್ನಿ. ಕನ್ನಡಿ ಮುಂದೆ ನಿಂತು ಹುಬ್ಬು ಮೇಲೇರಿಸಿ. ಹಣೆಯಲ್ಲಿ ಗೆರೆಗಳು ಮೂಡುತ್ತವೆ ಅಲ್ವಾ? ಎಲ್ಲಕ್ಕಿಂತ ಮೇಲಿನ ಗೆರೆಯಿಂದ ಇನ್ನೂ ಒಂದು ಬೆರಳಗಲ ಮೇಲೆ ಕೂದಲು ಶುರುವಾಗಬೇಕು. ವಯಸ್ಕ ಗಂಡಸರಿಗೆ ಹುಬ್ಬುಗಳ ನಡುವಿನಿಂದ ಅಳೆದರೆ ಸುಮಾರು 7ರಿಂದ 8 ಸೆಂ.ಮೀ. ಆ ಗೆರೆಯ ಮೇಲೆಯೇ ಕೂರಿಸಿದರೆ ಹುಡುಗರ ಹಣೆಯಾಗುತ್ತದೆ, ಮುಖದ ಸುಕ್ಕಿಗೂ ಅದಕ್ಕೂ ತಾಳೆಯಾಗುವುದಿಲ್ಲ. ಹೆಂಗಸರ ಅಂಚು ಸ್ವಲ್ಪ ಕೆಳಗೆ, ದುಂಡಗೆ ಇರುತ್ತದೆ. ಹಳೆಯ ಫೋಟೋ ಇದ್ದರೆ ಅದನ್ನೇ ನೋಡಿ ಮಾಡಿಸಿ. ಇಪ್ಪತ್ತರ ವಯಸ್ಸಿನದನ್ನು ಮಾತ್ರ ಒಯ್ಯಬೇಡಿ.

ಇನ್ನೊಂದು, ಅಂಚು ಸ್ಕೇಲ್ ಇಟ್ಟು ಎಳೆದಂತೆ ನೇರ ಇರಬಾರದು. ಹುಟ್ಟುಗೂದಲಿನ ಅಂಚಿನಲ್ಲಿ ಮೊದಲು ಬಿಡಿಬಿಡಿಯಾಗಿ ಸಣ್ಣ ಕೂದಲು, ಅದರ ಹಿಂದೆ ಒಂದಿಷ್ಟು ಒತ್ತಾಗಿ, ಆಮೇಲೆ ಪೂರ್ತಿ ದಟ್ಟ. ಮೂಲೆಗಳು ಸ್ವಲ್ಪ ಹಿಂದಕ್ಕೆ ಸರಿದಿದ್ದರೆ ಇನ್ನೂ ನಂಬುವಂತಿರುತ್ತದೆ. ಅಂಚು ದಪ್ಪ ಅನ್ನಿಸಿದರೆ ಗೊತ್ತಿರುವವರು ಚಿಮಟದಿಂದ ಅಲ್ಲಲ್ಲಿ ಒಂದೊಂದು ಎಳೆ ಕಿತ್ತು ಸರಿ ಮಾಡುತ್ತಾರೆ. ನೀವೇ ಕೈ ಹಾಕಬೇಡಿ, ಕಿತ್ತದ್ದು ವಾಪಸ್ ಬರುವುದಿಲ್ಲ.

ಬಣ್ಣವನ್ನು ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಪ್ಪಿಕೊಳ್ಳಬೇಡಿ. ಹಗಲು ಹೊತ್ತು ಬಾಗಿಲ ಹತ್ತಿರ ಬಂದು ನೋಡಿ. ಕಿವಿಯ ಪಕ್ಕದ ಕೂದಲಿಗೂ ಹಿಂದಲೆಯ ಕೂದಲಿಗೂ ಬಣ್ಣ ಬೇರೆ ಇರುತ್ತದೆ. ಪ್ಯಾಚ್ ಎಲ್ಲಿ ನಿಮ್ಮ ಕೂದಲಿಗೆ ಸೇರುತ್ತದೋ ಅಲ್ಲಿಯ ಬಣ್ಣಕ್ಕೆ ಹೊಂದಿಸಿ. ಅಚ್ಚ ಕಪ್ಪು ಬಹಳ ಜನ ಕೇಳುತ್ತಾರೆ. ಅಷ್ಟು ಕಪ್ಪು ಕೂದಲು ನಿಜವಾಗಿ ಇರುವವರು ಕಮ್ಮಿ. ಗಾಢ ಕಂದಿಗೆ ಹತ್ತಿರದ ಕಪ್ಪು ಹೆಚ್ಚು ಮುಖಗಳಿಗೆ ಒಪ್ಪುತ್ತದೆ.

ಹಂತ 6: ಅಳತೆ ತೆಗೆಯುವುದು

ಫುಲ್ ವಿಗ್‌ಗೆ ಟೇಲರ್ ಟೇಪ್ ಸಾಕು. ಹಣೆಯ ಕೂದಲಂಚಿನಿಂದ ಕಿವಿಯ ಹಿಂದೆ ಹಾಯ್ದು ಕತ್ತಿನ ಬುಡ ಸುತ್ತಿ ವಾಪಸ್. ಆಮೇಲೆ ಹಣೆಯಂಚಿನಿಂದ ನೆತ್ತಿಯ ಮೇಲೆ ಹಾದು ಕತ್ತಿನ ಬುಡಕ್ಕೆ. ಕೊನೆಗೆ ಕಿವಿಯಿಂದ ಕಿವಿಗೆ ತಲೆಯ ಮೇಲೆ. ಮಧ್ಯಮ ಅಳತೆಯ ವಿಗ್‌ಗಳು ಸುಮಾರು 54ರಿಂದ 57 ಸೆಂ.ಮೀ. ಸುತ್ತಳತೆಗೆ ಆಗುತ್ತವೆ.

ಪ್ಯಾಚ್‌ಗೆ ಅಚ್ಚು ತೆಗೆಯಬೇಕು. ಜೊತೆಗೆ ಇನ್ನೊಬ್ಬರು ಬೇಕು.

1. ಇರುವ ಕೂದಲನ್ನು ಒದ್ದೆ ಮಾಡಿ ತಲೆಗೆ ಒತ್ತಿ ಬಾಚಿ.
2. ಆಹಾರ ಸುತ್ತಿಡುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ನೆತ್ತಿಯ ಮೇಲೆ ಹರಡಿ. ಮುಖದ ಮೇಲೆ ಬರದಂತೆ, ಕಿವಿಯ ಮೇಲ್ಗಡೆ ಎರಡೂ ಬದಿ ತಿರುಚಿ ಬಿಗಿಯಾಗಿ ಹಿಡಿಯಲು ಜೊತೆಯವರಿಗೆ ಹೇಳಿ. ಸುಕ್ಕು ಇರಬಾರದು.
3. ಒಳಗೆ ಕಾಣುವ ಬೋಳಿನ ಸುತ್ತ ಮಾರ್ಕರ್‌ನಿಂದ ಗೆರೆ ಹಾಕಿ. ಮುಂದಿನ ಅಂಚನ್ನು ಆಗಲೇ ಹೇಳಿದ ಲೆಕ್ಕದಲ್ಲಿ ಗುರುತಿಸಿ.
4. ಪಾರದರ್ಶಕ ಟೇಪನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಎರಡು ಮೂರು ಪದರ ಅಂಟಿಸಿ. ಗಟ್ಟಿ ಚಿಪ್ಪಾಗಬೇಕು.
5. ಗೆರೆಯನ್ನು ಟೇಪಿನ ಮೇಲೂ ಬರೆದು ಮುಂದೆ, ಹಿಂದೆ, ಬೈತಲೆ, ಸುಳಿ ಎಲ್ಲಿ ಅಂತ ಗುರುತು ಮಾಡಿ. ಸುಳಿ ಯಾವ ಕಡೆ ತಿರುಗಿದೆ ಎನ್ನುವುದಕ್ಕೊಂದು ಬಾಣವೂ ಇರಲಿ.
6. ತೆಗೆದು, ಗೆರೆಗುಂಟ ಕತ್ತರಿಸಿ, ಮತ್ತೆ ತಲೆಗಿಟ್ಟು ನೋಡಿ. ಎಲ್ಲಾದರೂ ಎದ್ದು ನಿಂತರೆ ಹೊಸದಾಗಿ ಮಾಡಿ.

ಎದ್ದು ನಿಂತ ಅಚ್ಚನ್ನೇ ಕೊಟ್ಟರೆ ಎದ್ದು ನಿಲ್ಲುವ ಪ್ಯಾಚೇ ಬರುತ್ತದೆ. ಅದನ್ನು ಯಾವ ಅಂಟೂ ಕೂರಿಸಲಾರದು.

ಹಂತ 7: ಕಟಿಂಗ್ ಬಿಡಬೇಡಿ

ಪೆಟ್ಟಿಗೆಯಿಂದ ತೆಗೆದ ವಿಗ್ ಯಾರದೋ ತಲೆಗೆ ಅಂತ ಮಾಡಿದ್ದು. ಅದನ್ನು ನಿಮ್ಮ ತಲೆಯ ಮೇಲಿಟ್ಟು, ನಿಮ್ಮ ಕೂದಲಿನ ಜೊತೆ ಸೇರಿಸಿ ಕತ್ತರಿಸಿದ ಮೇಲೆಯೇ ಅದು ನಿಮ್ಮದು. ವಿಗ್ ಕತ್ತರಿಸಿ ಅಭ್ಯಾಸ ಇರುವವರ ಹತ್ತಿರವೇ ಹೋಗಿ. ಒಂದೇ ಸಲ ಜಾಸ್ತಿ ಕತ್ತರಿಸಿಕೊಳ್ಳಬೇಡಿ, ಒಂದು ವಾರ ಹಾಕಿ ನೋಡಿ ಮತ್ತೆ ಹೋಗಿ. ಪಕ್ಕದ ಸ್ವಂತ ಕೂದಲು ಬೆಳೆಯುತ್ತದೆ, ಪ್ಯಾಚ್ ಬೆಳೆಯುವುದಿಲ್ಲ. ಆದ್ದರಿಂದ ಪಕ್ಕವನ್ನು ಎರಡು ಮೂರು ವಾರಕ್ಕೊಮ್ಮೆ ಟ್ರಿಮ್ ಮಾಡಿಸುತ್ತಿರಬೇಕು.

ಹಂತ 8: ಹಾಕುವುದು

ಫುಲ್ ವಿಗ್ ಸುಲಭ. ಇರುವ ಕೂದಲನ್ನು ಚಪ್ಪಟೆಯಾಗಿ ಕಟ್ಟಿ, ಒಳಟೋಪಿ ಹಾಕಿ. ವಿಗ್ಗನ್ನು ಮುಂದಿನಿಂದ ಹಿಂದಕ್ಕೆ ಎಳೆದು ಕೂರಿಸಿ. ಕಿವಿಯ ಮುಂದೆ ಎರಡೂ ಕಡೆ ಪುಟ್ಟ ಕಿವಿಪಟ್ಟಿಗಳಿರುತ್ತವೆ, ಅವೆರಡೂ ಒಂದೇ ಎತ್ತರದಲ್ಲಿದ್ದರೆ ವಿಗ್ ನೆಟ್ಟಗಿದೆ ಅಂತ ಅರ್ಥ.

ಟಾಪರ್ ಆದರೆ ಮೊದಲು ಮುಂದಿನ ಕ್ಲಿಪ್, ಆಮೇಲೆ ಹಿಂದಿನದು, ಕೊನೆಗೆ ಪಕ್ಕದವು. ಕ್ಲಿಪ್ ಹಾಕಿದಾಗ ಚರ್ಮ ಎಳೆದಂತಾಗಬಾರದು. ದಿನಾ ಅದೇ ಜಾಗಕ್ಕೆ ಹಾಕದೆ ಕೂದಲೆಳೆಯಷ್ಟಾದರೂ ಆಚೀಚೆ ಸರಿಸಿ. ಕ್ಲಿಪ್ ಹಾಕಿಕೊಂಡೇ ಮಲಗಬೇಡಿ.

ಅಂಟು, ಟೇಪಿನ ವಿಷಯದಲ್ಲಿ ಅವಸರ ಬೇಡ. ಮೊದಲು ಕಿವಿಯ ಹಿಂದೆ ಅಥವಾ ಮೊಣಕೈ ಒಳಬದಿಯಲ್ಲಿ ಸ್ವಲ್ಪ ಹಚ್ಚಿ 24ರಿಂದ 48 ಗಂಟೆ ಬಿಡಿ. ಕೆಂಪಾದರೆ, ತುರಿಸಿದರೆ ಆ ಅಂಟು ನಿಮಗಲ್ಲ. ಲ್ಯಾಟೆಕ್ಸ್ ಆಗದವರು ಡಬ್ಬಿಯ ಮೇಲಿನ ಬರಹ ಓದಿಯೇ ಕೊಳ್ಳಿ.

ಚರ್ಮ ತೊಳೆದು ಪೂರ್ತಿ ಒಣಗಿಸಿ, ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಎಣ್ಣೆ ಜಿಡ್ಡು ಒಂದಿಷ್ಟು ಉಳಿದರೂ ಅಂಟು ಹಿಡಿಯುವುದಿಲ್ಲ. ನೀರು ಬೆರೆತ ಬಗೆಯ ಅಂಟು ಹಚ್ಚುವಾಗ ಬೆಳ್ಳಗಿರುತ್ತದೆ. ತೆಳುವಾಗಿ ಒಂದು ಪದರ ಹಚ್ಚಿ, ಅದು ಪಾರದರ್ಶಕವಾಗಿ ಬೆರಳಿಗೆ ಜಿಗುಟು ಅನ್ನಿಸುವ ತನಕ ಕಾಯಿರಿ. ಆಮೇಲೆ ಇನ್ನೊಂದು ತೆಳು ಪದರ. ಒಂದೇ ಸಲ ದಪ್ಪಗೆ ಬಳಿದರೆ ಅದು ಒಣಗದೆ ಲೇಸ್‌ನ ಕಣ್ಣಿನಿಂದ ಮೇಲೆ ಉಕ್ಕಿ ಕೂದಲಿನ ಬುಡವೆಲ್ಲ ಅಂಟಂಟಾಗುತ್ತದೆ. ಮುಂದಿನ ಅಂಚನ್ನು ಮೊದಲು ಗುರುತಿಗೆ ಸರಿಯಾಗಿ ತಾಗಿಸಿ, ನಿಧಾನಕ್ಕೆ ಹಿಂದಕ್ಕೆ ಮಲಗಿಸುತ್ತಾ ಒತ್ತಿ. ಬಾಚಣಿಗೆಯ ಬೆನ್ನಿನಿಂದ ಅಂಚನ್ನು ಒತ್ತಿದರೆ ಚೆನ್ನಾಗಿ ಕೂರುತ್ತದೆ. ಅವತ್ತು ತಲೆಗೆ ನೀರು, ಜೋರು ವ್ಯಾಯಾಮ ಬೇಡ.

ತೆಗೆಯುವಾಗ ಕಿತ್ತರೆ ಲೇಸೂ ಹರಿಯುತ್ತದೆ, ಚರ್ಮವೂ ಸುಲಿಯುತ್ತದೆ. ಅಂಟು ಬಿಡಿಸುವ ದ್ರವ ಅಂಚಿಗೆ ಹಾಕಿ, ಕೆಲವು ನಿಮಿಷ ಬಿಟ್ಟು, ತಾನಾಗಿ ಸಡಿಲವಾದ ಮೇಲೆ ಎತ್ತಿ. ಸ್ಪಿರಿಟ್, ಅಂಟು ಬಿಡಿಸುವ ದ್ರವಗಳಿಗೆ ಬೆಂಕಿ ಬೇಗ ಹತ್ತುತ್ತದೆ, ಒಲೆಯ ಹತ್ತಿರ ಈ ಕೆಲಸ ಇಟ್ಟುಕೊಳ್ಳಬೇಡಿ. ತೆಗೆದ ಮೇಲೆ ತಲೆಯನ್ನು ಒಂದು ರಾತ್ರಿಯಾದರೂ ಬಿಡುವಾಗಿ ಬಿಡಿ. ವಾರಗಟ್ಟಲೆ ಅಂಟಿಸಿಯೇ ಇರುವವರಿದ್ದಾರೆ. ನನಗೇನೋ ಅದು ಚರ್ಮಕ್ಕೆ ಕೊಡುವ ಶಿಕ್ಷೆ ಅನ್ನಿಸುತ್ತದೆ.

ಹಂತ 9: ತೊಳೆಯುವುದು, ಕಾಪಾಡುವುದು

ದಿನಾ ತೊಳೆಯುವ ಅಗತ್ಯ ಇಲ್ಲ. ಏಳೆಂಟು ಸಲ ಹಾಕಿದ ಮೇಲೆ ತೊಳೆದರೆ ಸಾಕು, ಬೆವರು ಜಾಸ್ತಿ ಇದ್ದರೆ ಇನ್ನೂ ಬೇಗ. ಹಲ್ಲು ಅಗಲವಾದ ಬಾಚಣಿಗೆಯಿಂದ ತುದಿಯಿಂದ ಶುರು ಮಾಡಿ ಬುಡದ ಕಡೆಗೆ ಸಿಕ್ಕು ಬಿಡಿಸಿಕೊಳ್ಳಿ. ಸಿಂಥೆಟಿಕ್‌ಗೆ ತಣ್ಣೀರು, ಅಸಲಿಗೆ ಉಗುರು ಬೆಚ್ಚಗಿನ ನೀರು. ಸಲ್ಫೇಟ್ ಇಲ್ಲದ ಶಾಂಪೂ ಬೆರೆಸಿದ ನೀರಿನಲ್ಲಿ ಅದ್ದಿ ಅಲುಗಾಡಿಸಿ, ಉಜ್ಜಬೇಡಿ, ಹಿಂಡಬೇಡಿ. ಕಂಡೀಷನರ್ ತುದಿಗೆ ಮಾತ್ರ. ಬುಡಕ್ಕೆ ತಾಗಿದರೆ ಗಂಟುಗಳು ಜಾರಿ ಸಡಿಲವಾಗುತ್ತವೆ. ಟವೆಲ್‌ನಲ್ಲಿ ಒತ್ತಿ ನೀರು ತೆಗೆದು, ಗಾಳಿಯಾಡುವ ಸ್ಟ್ಯಾಂಡಿನ ಮೇಲೆ ನೆರಳಲ್ಲಿ ಒಣಗಿಸಿ. ಸಿಂಥೆಟಿಕ್ ಒದ್ದೆ ಇರುವಾಗ ಬಾಚಲೇಬಾರದು.

ಈಜುಕೊಳದ ಕ್ಲೋರಿನ್ ಎರಡೂ ಬಗೆಗೆ ಕೇಡು. ಹೆಲ್ಮೆಟ್ ಹಾಕುವವರು ಒಳಗೊಂದು ನುಣುಪು ಬಟ್ಟೆ ಕಟ್ಟಿಕೊಳ್ಳಿ, ಇಲ್ಲದಿದ್ದರೆ ಅಂಚಿನ ಕೂದಲು ಉಜ್ಜಿ ಮುರಿಯುತ್ತದೆ. ಎಂಆರ್‌ಐ ಸ್ಕ್ಯಾನ್‌ಗೆ ಹೋಗುವ ಮುಂಚೆ ವಿಗ್ ತೆಗೆದಿಡಿ, ಕ್ಲಿಪ್‌ಗಳಲ್ಲಿ ಲೋಹ ಇರುತ್ತದೆ. ಅಂಟಿಸಿಕೊಂಡವರು ಸಿಬ್ಬಂದಿಗೆ ಮೊದಲೇ ಹೇಳಿ.

ಜನರ ಮಾತಿನ ವಿಷಯ ಜಾಸ್ತಿ ಎಳೆಯುವುದಿಲ್ಲ. ಮೊದಲ ದಿನ ನೇರ ಆಫೀಸಿಗೆ ಹೋಗದೆ ಎರಡು ದಿನ ಮನೆಯಲ್ಲಿ, ಒಂದು ಸಂಜೆ ಹೊರಗೆ ಹಾಕಿಕೊಂಡು ಓಡಾಡಿ. ಕೈ ಪದೇ ಪದೇ ತಲೆಗೆ ಹೋಗುವುದು ನಿಂತ ಮೇಲೆ ಉಳಿದ ಕಡೆ ಹೋಗಿ. ಯಾರಾದರೂ ಕೇಳಿಯೇ ಕೇಳಿದರೆ “ಹೌದು, ವಿಗ್. ಚೆನ್ನಾಗಿದೆ ಅಲ್ವಾ?” ಅಂದುಬಿಟ್ಟರೆ ಮುಂದಿನ ಪ್ರಶ್ನೆ ಸಾಮಾನ್ಯವಾಗಿ ಬರುವುದಿಲ್ಲ.

ವಿಗ್‌ನಿಂದ ಉದುರಿದ ಕೂದಲು ಮತ್ತೆ ಹುಟ್ಟುವುದಿಲ್ಲ. ಹಣೆಯ ಅಂಚು ಅಲ್ಲಲ್ಲಿ ಖಾಲಿಯಾಗಿದ್ದರೆ, ಲೇಸ್ ಅಂಚು ನೂಲು ಬಿಟ್ಟಿದ್ದರೆ, ಕತ್ತಿನ ಹತ್ತಿರದ ಕೂದಲು ಎಷ್ಟು ಬಾಚಿದರೂ ಉಂಡೆಕಟ್ಟುತ್ತಿದ್ದರೆ ಅದರ ಕಾಲ ಮುಗಿಯಿತು. ಅಳತೆ ಕೊಟ್ಟು ಮಾಡಿಸುವುದು ಕೈಗೆ ಬರಲು ಹಲವು ವಾರ ಹಿಡಿಯುತ್ತದೆ. ಆದ್ದರಿಂದ ಮೊದಲನೆಯದು ಇನ್ನೂ ಚೆನ್ನಾಗಿರುವಾಗಲೇ ಎರಡನೆಯದಕ್ಕೆ ಹೇಳಿಬಿಡಿ. ಹೇಳುವಾಗ ಮೊದಲನೆಯದರಲ್ಲಿ ಏನು ಸರಿಹೋಗಲಿಲ್ಲ ಅಂತ ಬರೆದುಕೊಂಡು ಹೋಗಿ. ಹೆಚ್ಚಿನವರ ಚೀಟಿಯಲ್ಲಿ ಮೊದಲ ಸಾಲು “ದಟ್ಟಣೆ ಇನ್ನೂ ಕಮ್ಮಿ” ಎಂದೇ ಇರುತ್ತದೆ.